ಬಟ್ಟೆಯ ತೂಕ

"ಕಡಲೆಕಾಯಿ ಕೊಳ್ಳೋಕೆ ಬರ್ತಾನಲ್ಲ ಆ ಲಾರಿಯವನು, ಅವನ ತಕ್ಕಡಿಗೂ ನಿನ್ನ ತಕ್ಕಡಿಗೂ ಒಬ್ಬಳೇ ತಾಯಿ ಕಣಮ್ಮ ಡಾಕ್ಟ್ರೇ," ಎಂದಳು ಮಲಿತಾ ಅಜ್ಜಿ. "ನಾವು ಏನು ತಂದು ನೇತುಹಾಕಿದ್ರೂ ಕಮ್ಮಿ!"

ಮಾವಿನ ಮರದ ಕೆಳಗೆ ಕಾಲು ಚಾಚಿ ಕೂತಿದ್ದ ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಎನಿಫಾ ಕೂಡ ನಗಲು ನೋಡಿದಳು, ನಗು ಬರಲಿಲ್ಲ. ಅವಳ ಕಣ್ಣು ತಕ್ಕಡಿಯ ಸೂಜಿಯ ಮೇಲೇ ಇತ್ತು.

ಅವಳು ಡಾಕ್ಟರಲ್ಲ. ಹತ್ತು ವಾರದ ತರಬೇತಿ, ಸರ್ಕಾರ ಕೊಟ್ಟ ಒಂದು ಸೈಕಲ್ಲು, ಬೀಗ ಹಾಕುವ ಒಂದು ಮಾತ್ರೆಪೆಟ್ಟಿಗೆ, ಮತ್ತು ಗಡಿಯಾರದ ಮುಖದಂತೆ ದುಂಡಗಿರುವ ಈ ತೂಗು ತಕ್ಕಡಿ, ಇಷ್ಟೇ ಅವಳ ಆಸ್ಪತ್ರೆ. ಚಿತೆಂಬೊ ಊರಿಗೆ ಬಂದ ಹೊಸದರಲ್ಲಿ "ನಾನು ಡಾಕ್ಟರಲ್ಲ, ಆರೋಗ್ಯ ಕಾರ್ಯಕರ್ತೆ" ಎಂದು ಹೇಳಿ ಹೇಳಿ ಬಾಯಿ ಒಣಗಿಸಿಕೊಂಡಿದ್ದಳು. ಆಮೇಲೆ ಬಿಟ್ಟುಬಿಟ್ಟಳು. ಸೂಜಿ ಚುಚ್ಚುವವರೆಲ್ಲ ಡಾಕ್ಟರೇ ಎಂದು ಊರು ತೀರ್ಮಾನ ಮಾಡಿದ ಮೇಲೆ ಅವಳೊಬ್ಬಳು ಅಲ್ಲವೆಂದರೆ ಏನಾಗುತ್ತದೆ? ಈಗ ಐದು ವರ್ಷ. ಪ್ರತಿ ತಿಂಗಳ ಎರಡನೆಯ ಮಂಗಳವಾರ ಇದೇ ಕೊಂಬೆಗೆ ತಕ್ಕಡಿ ಕಟ್ಟುತ್ತಾಳೆ. ತಾಯಂದಿರು ಮಕ್ಕಳನ್ನು ಬಟ್ಟೆಯ ಜೋಲಿಯಲ್ಲಿ ಹಾಕಿ ಕೊಕ್ಕೆಗೆ ಸಿಕ್ಕಿಸುತ್ತಾರೆ. ಸೂಜಿ ತಿರುಗಿ ನಿಂತ ಅಂಕಿಯನ್ನು ಎನಿಫಾ ಮಗುವಿನ ಆರೋಗ್ಯದ ಪುಸ್ತಕದಲ್ಲಿ ಚುಕ್ಕಿಯಾಗಿ ಇಡುತ್ತಾಳೆ. ಹಾಳೆಯಲ್ಲೊಂದು ಹಸಿರು ದಾರಿ ಇದೆ. ಚುಕ್ಕಿ ಆ ದಾರಿಯಲ್ಲಿದ್ದರೆ ಮಗು ಸರಿಯಾಗಿದೆ ಎಂದು ಲೆಕ್ಕ.

ಈಗ ಜೋಲಿಯಲ್ಲಿದ್ದವನು ಮಲಿತಾ ಅಜ್ಜಿಯ ಮೊಮ್ಮಗ ಲಿಂಬಾನಿ. ಒಂಬತ್ತು ತಿಂಗಳು. ಗಟ್ಟಿಯಾಗಿರಿ ಎಂದು ಆ ಹೆಸರಿನ ಅರ್ಥ. ಹೆಂಗಸರು ಮೈಗೆ ಸುತ್ತಿಕೊಳ್ಳುವ, ಹಳೆಯದಾಗಿ ಸವೆದ ಚಿತೆಂಜೆ ಬಟ್ಟೆಯೊಳಗಿಂದ ಅವನ ಎರಡು ಕಾಲು ಒಣ ಕಡ್ಡಿಗಳಂತೆ ಇಳಿಬಿದ್ದಿದ್ದವು. ಸೂಜಿ ಐದು ಕಿಲೋ ಒಂಬೈನೂರರ ಮೇಲೆ ನಿಂತಿತ್ತು. ಹೋದ ತಿಂಗಳು ಆರೂ ಇನ್ನೂರು. ಅದರ ಹಿಂದಿನ ತಿಂಗಳು ಆರೂ ನಾನೂರು. ಚುಕ್ಕಿಗಳು ಮೆಟ್ಟಿಲಿಳಿದ ಹಾಗೆ ಇಳಿಯುತ್ತಿದ್ದವು.

ಅಂಕಿಗಿಂತ ಹೆಚ್ಚಾಗಿ ಎನಿಫಾಳನ್ನು ಹೆದರಿಸಿದ್ದು ಬೇರೆ. ಕೊಕ್ಕೆಗೆ ಹಾಕಿದೊಡನೆ ಮಕ್ಕಳು ಊರು ಎದ್ದುಬರುವ ಹಾಗೆ ಅರಚುತ್ತವೆ. ಲಿಂಬಾನಿ ಅಳುತ್ತಿರಲಿಲ್ಲ. ದೊಡ್ಡವರ ಹಾಗೆ ಸುಮ್ಮನೆ ನೋಡುತ್ತಿದ್ದ. ಎನಿಫಾ ಅವನನ್ನು ಜೋಲಿ ಸಮೇತ ಇಳಿಸಿ ತಾಯಿಯ ಕೈಗೆ ಕೊಟ್ಟಳು.

"ಅಜ್ಜಿ, ಒಂದು ಚೂರು ಈ ಕಡೆ ಬನ್ನಿ. ಮೆಲ್ಲಗೆ ಮಾತಾಡೋಣ."

"ಮೆಲ್ಲಗೆ ಯಾಕೆ? ಮೆಲ್ಲಗೆ ಮಾತಾಡೋರು ಕೋಳಿ ಕದಿಯೋರು. ಇಲ್ಲೇ ಹೇಳು, ಎಲ್ಲರೂ ಕೇಳ್ಲಿ."

"ಮಗು ಇಳಿದು ಹೋಗಿದೆ ಅಜ್ಜಿ. ಇವತ್ತೇ ಮ್ಪೊಂಡೆ ಆಸ್ಪತ್ರೆಗೆ ಸೇರಿಸಬೇಕು. ಮೂರು ವಾರ ಲೇನಿಯಾ ಅಲ್ಲೇ ಇರಲಿ. ಕಡಲೆಕಾಯಿ ಹಿಟ್ಟಿನ ಮದ್ದು ಕೊಡ್ತಾರೆ, ಹಾಲು ಕೊಡ್ತಾರೆ."

ನಗು ನಿಂತಿತು. ಲೇನಿಯಾ, ಅಜ್ಜಿಯ ಮಗಳು, ಮಗುವಿನ ತಾಯಿ, ಇಪ್ಪತ್ತು ವರ್ಷದ ಹುಡುಗಿ, ನೆಲ ನೋಡಿದಳು. ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡರು.

ಆ ನೋಟದ ಅರ್ಥ ಎನಿಫಾಳಿಗೆ ಗೊತ್ತಿತ್ತು. ಮೊಲೆಹಾಲು ಕುಡಿಯುವ ಮಗು ಸೊರಗಿತೆಂದರೆ ಆ ಕಡೆ ಊಟದ ಮಾತು ಯಾರೂ ಎತ್ತುವುದಿಲ್ಲ. ಅಪ್ಪ ದಾರಿ ತಪ್ಪಿದ್ದಾನೆ, ಇಲ್ಲವೇ ಅಮ್ಮ ತಪ್ಪಿದ್ದಾಳೆ, ಆ ತಪ್ಪು ಮಗುವಿನ ಮೈಗೆ ಬಡಿದಿದೆ ಎಂದೇ ಮಾತು. ಲೇನಿಯಾಳ ಗಂಡ ಬಿತ್ತನೆಗೂ ಮುಂಚೆ ಜೊಹಾನ್ಸ್‌ಬರ್ಗಿಗೆ ಕೂಲಿಗೆ ಹೋದವನು, ಮರಳಿ ಬಂದಿರಲಿಲ್ಲ. ಹಾಗಾದರೆ ತಪ್ಪಿದವರು ಯಾರು? ಊರಿಗೆ ಲೆಕ್ಕ ಸುಲಭ. ಅಜ್ಜಿಯ ದೊಡ್ಡ ಬಾಯಿ ತಕ್ಕಡಿಯ ಮೇಲಿನ ಸಿಟ್ಟಲ್ಲ, ಮಗಳಿಗೆ ಮರೆಯಾಗಿ ನಿಂತ ಗೋಡೆ ಅದು.

"ಊಟ ಸಾಲದೇ ಹೀಗಾಗಿದೆ ಅಜ್ಜಿ, ಇನ್ನೇನೂ ಅಲ್ಲ," ಎಂದು ಎನಿಫಾ ಎಲ್ಲರಿಗೂ ಕೇಳುವಂತೆ ಹೇಳಿದಳು.

"ನಮ್ಮನೇಲಿ ಊಟ ಇಲ್ಲ ಅಂತೀಯಾ?"

ಈಗ ಅದೂ ಅವಮಾನವೇ. ಫೆಬ್ರವರಿ ತಿಂಗಳು. ಹೊಲದಲ್ಲಿ ಜೋಳ ಆಳೆತ್ತರ ನಿಂತಿದೆ, ತೆನೆಗೆ ಇನ್ನೂ ಹಾಲು ತುಂಬಿಲ್ಲ; ಹೋದ ವರ್ಷದ ಕಣಜ ಗುಡಿಸಿ ಎಷ್ಟೋ ದಿನವಾಯಿತು. ಸಂಜೆಯಾದರೆ ಎಲ್ಲರ ಮನೆಯಿಂದಲೂ ಒನಕೆ ಸದ್ದು ಕೇಳುತ್ತದೆ. ಕುಟ್ಟುತ್ತಿರುವುದು ಹೊಟ್ಟು ಎಂದು ಎಲ್ಲರಿಗೂ ಗೊತ್ತು, ಯಾರೂ ಹೇಳುವುದಿಲ್ಲ.

"ನಮ್ಮ ತಮಾಂಡಾಗೂ ಫೆಬ್ರವರಿನೇ ತಾನೆ?" ಎಂದು ಪಕ್ಕದಿಂದ ಒಂದು ತೆಳು ದನಿ ಬಂತು. "ಅವಳು ಆರೂ ಒಂಬೈನೂರು ತೂಗಿದಳಪ್ಪ."

ಮಾತಾಡಿದವಳು ಗ್ಲಾಡೆಸಿ, ಊರ ಮುಖಂಡನ ತಂಗಿಯ ಮಗಳು. ಚಿತೆಂಬೊದಲ್ಲಿ ಹೊಸ ಮಾದರಿಯ ಚಿತೆಂಜೆ ಬಂದರೆ ಮೊದಲು ಉಡುವವಳು ಅವಳು. ಹತ್ತು ತಿಂಗಳ ಮಗಳು ತಮಾಂಡಾಳನ್ನೂ ಹಾಗೇ ಸಿಂಗರಿಸಿ ತರುತ್ತಿದ್ದಳು. ನವಿಲು ಬಣ್ಣದ ದಪ್ಪ ಬಟ್ಟೆ ಎರಡು ಮಡಿಕೆ, ಒಳಗೆ ಮೆತ್ತಗಿರಲೆಂದು ಇನ್ನೊಂದು ತುಂಡು ಕಂಬಳಿ.

ಮಲಿತಾ ಅಜ್ಜಿ ಗ್ಲಾಡೆಸಿಯನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. "ತೂಗದೆ ಏನು? ಈ ತಕ್ಕಡಿ ಬಟ್ಟೆ ನೋಡಿ ತೂಗುತ್ತೆ. ಒಳ್ಳೆ ಬಟ್ಟೆಯವರ ಮಕ್ಕಳಿಗೆ ಹಸಿರು ದಾರಿ, ನಮ್ಮಂಥವರ ಮಕ್ಕಳಿಗೆ ಆಸ್ಪತ್ರೆ ದಾರಿ."

ಆ ಹೊತ್ತಿಗೆ ರಸ್ತೆಯಾಚೆಯ ಮರದ ಕೆಳಗಿಂದ ಫುಲಾಯೆ ಎದ್ದು ಬಂದ. ಅವನು ಅಜ್ಜಿಯ ದೊಡ್ಡ ಮಗ, ಸೈಕಲ್ ರಿಪೇರಿಯವನು. ಕೈಯಲ್ಲಿ ಅರ್ಧ ತೇಪೆ ಹಾಕಿದ ಟ್ಯೂಬು ಹಾಗೇ ಇತ್ತು. ಆ ಸೀಮೆಯಲ್ಲಿ ಮಗು ತಾಯಿಯ ಕಡೆಯವರದು. ಅಪ್ಪ ಊರಲ್ಲಿದ್ದರೂ ನೆಂಟನಷ್ಟೇ. ಮಗುವನ್ನು ಆಸ್ಪತ್ರೆಗೆ ಸೇರಿಸಬೇಕೆಂದರೆ ಸೋದರಮಾವ ಹೂಂ ಎನ್ನಬೇಕು. ಮಾತೆಲ್ಲ ಅಜ್ಜಿಯದಾದರೂ ಅಪ್ಪಣೆ ಫುಲಾಯೆಯದು.

"ಎಲ್ಲ ಅಲ್ಲಿಂದಲೇ ಕೇಳಿಸ್ಕೊಂಡೆ," ಎಂದ. "ನಮ್ಮಮ್ಮ ಮಾತಾಡಿದ್ರೆ ಲಿಲೊಂಗ್ವೆಗೂ ಕೇಳುತ್ತೆ."

"ಕೇಳಲಿ," ಎಂದಳು ಅಜ್ಜಿ.

ಫುಲಾಯೆ ಎನಿಫಾಳ ಕಡೆ ತಿರುಗಿದ. ದನಿಯಲ್ಲಿ ತಮಾಷೆ ಇರಲಿಲ್ಲ. "ನೋಡಮ್ಮ ಡಾಕ್ಟ್ರೇ, ಹೋದ ವರ್ಷ ಆ ಲಾರಿಯವನ ತಕ್ಕಡಿ ನನ್ನ ಎರಡು ಮೂಟೆ ಕಡಲೆಕಾಯಿ ನುಂಗಿತು. ಹೋಗಲಿ, ಕಡಲೆಕಾಯಿ ಮತ್ತೆ ಬೆಳೀತೀವಿ. ಇವತ್ತು ನಿನ್ನ ತಕ್ಕಡಿ ನನ್ನ ತಂಗಿ ಮಾನ ತೂಗ್ತಾ ಇದೆ. ತಕ್ಕಡಿ ಸರಿ ಇದೆ ಅಂತ ನನ್ನ ಕಣ್ಣೆದುರು ತೋರಿಸು, ಈಗಲೇ ಇಬ್ಬರನ್ನೂ ಸೈಕಲ್ ಮೇಲೆ ಕೂರಿಸ್ಕೊಂಡು ಹೊರಡ್ತೀನಿ. ತೋರಿಸಲಿಲ್ವೋ, ನಮ್ಮ ಮನೆಯವರು ಇನ್ನು ಈ ಮರದ ಕೆಳಗೆ ಬರಲ್ಲ."

ಬೇರೆ ದಿನವಾಗಿದ್ದರೆ ಎನಿಫಾ ಮಗುವಿನ ತೋಳಿಗೆ ಬಣ್ಣದ ಪಟ್ಟಿ ಸುತ್ತಿ ತೋರಿಸುತ್ತಿದ್ದಳು. ತೋಳು ಸಣ್ಣಗಿದ್ದರೆ ಕೆಂಪು ಕಾಣುವ ಪಟ್ಟಿ. ಎರಡು ವರ್ಷದ ಬಿಸಿಲು ಮಳೆಗೆ ಅದರ ಕೆಂಪು, ಹಳದಿ, ಹಸಿರು ಎಲ್ಲ ಒಂದೇ ಆಗಿ ಬೂದಿ ಬಣ್ಣಕ್ಕೆ ತಿರುಗಿತ್ತು. ಹೊಸದು ಬರುತ್ತದೆ, ಬರುತ್ತದೆ ಎನ್ನುತ್ತಿದ್ದರು. ಹೋಗಲಿ, ತಕ್ಕಡಿಯ ಬಗ್ಗೆ ಅವಳಿಗೆ ಅನುಮಾನವೇ ಇರಲಿಲ್ಲ.

"ಒಡೆಯದ ಸಕ್ಕರೆ ಪೊಟ್ಟಣ ಯಾರ ಮನೇಲಿದೆ? ಒಂದು ಕಿಲೋದ್ದು?"

ಫೆಬ್ರವರಿಯಲ್ಲಿ ಸಕ್ಕರೆ! ಹೆಂಗಸರು ಮುಸಿಮುಸಿ ನಕ್ಕರು. ಗ್ಲಾಡೆಸಿ ಮಾತ್ರ ಎದ್ದು, ಠೀವಿಯಿಂದ ಬಟ್ಟೆ ಕೊಡವಿಕೊಂಡು, "ನಮ್ಮನೇಲಿದೆ," ಎಂದು ಹೋಗಿ ತಂದಳು. ಹೋಗುವಾಗ ಬರುವಾಗ ಎರಡು ಸಲವೂ ಸುತ್ತು ದಾರಿ ಹಿಡಿದಳು, ಎಲ್ಲರೂ ನೋಡಲಿ ಅಂತ.

ಎನಿಫಾ ಪ್ರತಿ ತೂಕದ ದಿನ ಬೆಳಿಗ್ಗೆ ಮಾಡುವ ಹಾಗೆ ತನ್ನ ಹಳೆಯ ಚಿತೆಂಜೆಯನ್ನು ಕೊಕ್ಕೆಗೆ ಹಾಕಿ, ಮೇಲಿನ ತಿರುಪು ತಿರುಗಿಸಿ, ಸೂಜಿಯನ್ನು ಸೊನ್ನೆಗೆ ತಂದಳು. "ನೋಡಿ, ಬಟ್ಟೆಯ ಭಾರ ಕಳೆದಾಯ್ತು." ಸಕ್ಕರೆಯನ್ನು ಜೋಲಿಯೊಳಗಿಟ್ಟಳು. ಸೂಜಿ ನಡುಗಿ ಸರಿಯಾಗಿ ಒಂದರ ಮೇಲೆ ನಿಂತಿತು.

"ಒಂದು," ಎಂದ ಫುಲಾಯೆ, ಮೂಗು ಗಾಜಿಗೆ ತಾಗುವಷ್ಟು ಬಗ್ಗಿ. "ಹೂಂ. ಒಂದೇ."

ಎನಿಫಾಳ ಎದೆ ಹಗುರಾಯಿತು. ಆಗ ಗ್ಲಾಡೆಸಿ, ಯಾರಿಗೂ ಹೇಳದವಳ ಹಾಗೆ ಎಲ್ಲರಿಗೂ ಹೇಳಿದಳು: "ಹಾಗಾದ್ರೆ ತಕ್ಕಡಿ ಸರಿ ಇದೆ. ಮಗು ಯಾಕೆ ಸೊರಗಿದೆ ಅನ್ನೋದು ಸೊರಗಿಸಿದವರಿಗೇ ಗೊತ್ತು."

ಲೇನಿಯಾ ಮೊದಲ ಸಲ ತಲೆ ಎತ್ತಿದಳು. "ನಾನೇನೂ ಮಾಡಿಲ್ಲ ಅಕ್ಕ," ಎಂದಳು. "ದೇವರಾಣೆ ಏನೂ ಮಾಡಿಲ್ಲ."

ಮಲಿತಾ ಅಜ್ಜಿ ಎರಡೂ ಕೈ ನೆಲಕ್ಕೂರಿ ಎದ್ದಳು. ಎದ್ದು ನಿಂತಾಗ ಅವಳು ಎನಿಫಾಳ ಭುಜಕ್ಕೆ ಬರುತ್ತಿದ್ದಳಷ್ಟೇ.

"ತಡಿ ತಡಿ. ಇನ್ನೂ ಮುಗಿದಿಲ್ಲ. ತಿರುಪು ಮುಟ್ಟಬೇಡ. ಅದೇ ಸಕ್ಕರೇನ ಈಗ ಗ್ಲಾಡೆಸಿ ಬಟ್ಟೇಲಿ ತೂಗು."

"ಯಾಕಜ್ಜಿ?"

"ಯಾಕೆ ಅಂತ ಸಕ್ಕರೆನೇ ಹೇಳುತ್ತೆ."

ಎನಿಫಾ ನವಿಲು ಬಣ್ಣದ ಬಟ್ಟೆಯನ್ನು ಎರಡು ಮಡಿಕೆ, ಕಂಬಳಿ ತುಂಡಿನ ಸಮೇತ, ಗ್ಲಾಡೆಸಿ ಕಟ್ಟುತ್ತಿದ್ದ ಹಾಗೇ ಕೊಕ್ಕೆಗೆ ಕಟ್ಟಿದಳು. ಸಕ್ಕರೆ ಇಟ್ಟಳು. ಸೂಜಿ ಒಂದನ್ನು ದಾಟಿತು, ಒಂದೂವರೆಯನ್ನೂ ದಾಟಿತು, ಒಂದು ಕಿಲೋ ಆರುನೂರಕ್ಕೆ ಹೋಗಿ ನಿಂತಿತು.

ಹೆಂಗಸರು ಬಗ್ಗಿ ಸೂಜಿ ನೋಡಿದರು. ಆಮೇಲೆ ಮಲಿತಾ ಅಜ್ಜಿ ಚಪ್ಪಾಳೆ ಹೊಡೆದಳು. "ನೋಡ್ರೇ, ನೋಡ್ರೇ! ಗ್ಲಾಡೆಸಿ ಬಟ್ಟೇಲಿ ಸಕ್ಕರೆ ಮರಿ ಹಾಕ್ತು!"

ಮರದ ಕೆಳಗೆ ಎದ್ದ ನಗುವಿಗೆ ಕೊಂಬೆಯಲ್ಲಿದ್ದ ಕಾಗೆ ಹಾರಿಹೋಯಿತು. ಫುಲಾಯೆ ಟ್ಯೂಬನ್ನು ಹೆಗಲಿಗೆ ಹಾಕಿಕೊಂಡು ಹೊಟ್ಟೆ ಹಿಡಿದು ನಕ್ಕ. ನಗದಿದ್ದವರು ಮೂವರು. ಗ್ಲಾಡೆಸಿ, ಲೇನಿಯಾ ಮತ್ತು ಎನಿಫಾ.

ಎನಿಫಾಳ ಕಣ್ಣ ಮುಂದೆ ಐದು ವರ್ಷ ಒಂದೇ ಸಲ ಬಂದು ನಿಂತವು. ಅವಳು ಬಂದ ಹೊಸದರಲ್ಲಿ ತಕ್ಕಡಿಯ ಜೊತೆಗೆ ಒಂದು ನೀಲಿ ಚಡ್ಡಿ ಕೊಟ್ಟಿದ್ದರು. ಕಾಲು ತೂರಿಸಲು ಎರಡು ತೂತು, ಎಲ್ಲ ಮಕ್ಕಳಿಗೂ ಅದೇ. ಮೊದಲ ತಿಂಗಳು ಹನ್ನೆರಡು ಮಕ್ಕಳು ಅದರಲ್ಲಿ ಕೂತವು. ಅದೇ ವಾರ ಅವುಗಳಲ್ಲಿ ಒಂದು ಮಲೇರಿಯಾದಿಂದ ತೀರಿಕೊಂಡಿತು. ಮಾರನೆಯ ತಿಂಗಳು ತಕ್ಕಡಿ ಕಟ್ಟಿಕೊಂಡು ಅವಳು ಸಂಜೆಯವರೆಗೆ ಒಬ್ಬಳೇ ಕೂತಿದ್ದಳು. ಸತ್ತ ಮಗು ಕೂತ ಬಟ್ಟೆಯಲ್ಲಿ ಬದುಕಿರುವ ಮಗುವನ್ನು ಯಾರು ಕೂರಿಸುತ್ತಾರೆ? ಆಗ ಎನಿಫಾ ಮನೆಮನೆಗೆ ಹೋಗಿ, "ಅವರವರ ಬಟ್ಟೆ ಅವರವರೇ ತನ್ನಿ" ಎಂದಳು. ಮುಂದಿನ ತಿಂಗಳು ಹತ್ತೊಂಬತ್ತು ಮಕ್ಕಳು ಬಂದವು. ಜಿಲ್ಲೆಯ ಸಾಹೇಬರು ಭೇಷ್ ಎಂದರು, ಚೌಕಟ್ಟು ಹಾಕಿಸಿದ ಒಂದು ಪ್ರಶಸ್ತಿಪತ್ರ ಕೊಟ್ಟರು. ಆಗ ಎಲ್ಲರ ಬಟ್ಟೆಯೂ ಎನಿಫಾಳ ಬಟ್ಟೆಯ ಹಾಗೇ ಹಳೆಯದು, ತೆಳ್ಳಗಿನದು. ಬರಬರುತ್ತ ತೂಕದ ಮಂಗಳವಾರವೆಂದರೆ ಹೆಂಗಸರಿಗೆ ಹಬ್ಬವಾಯಿತು. ಒಬ್ಬಳು ಹೊಸ ಬಟ್ಟೆ ತಂದರೆ ಇನ್ನೊಬ್ಬಳು ಎರಡು ಮಡಿಕೆ ತರುವಳು. ಎನಿಫಾ ನೋಡಿದ್ದಳು, ನೋಡಿ ಖುಷಿಪಟ್ಟಿದ್ದಳು. ತಿರುಪನ್ನು ಮಾತ್ರ ತಿಂಗಳು ತಿಂಗಳೂ ತನ್ನ ತೆಳು ಬಟ್ಟೆಗೇ ಹೊಂದಿಸುತ್ತ ಬಂದಳು.

ಮಕ್ಕಳು ಸೊರಗುತ್ತಿದ್ದರೆ ಬಟ್ಟೆಗಳು ದಪ್ಪಗಾಗುತ್ತಿದ್ದವು. ಚುಕ್ಕಿಗಳು ಹಸಿರು ದಾರಿಯಲ್ಲೇ ಇದ್ದವು.

ಬೆಳಿಗ್ಗೆ ಮಳೆ ಹನಿದಿತ್ತು. 'ಬಟ್ಟೆ ಒದ್ದೆಯಾಗಿದೆ, ಅದಕ್ಕೇ' ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಯಾರೂ ಇಲ್ಲವೆನ್ನುತ್ತಿರಲಿಲ್ಲ. ಮಾತು ನಾಲಿಗೆಯ ತುದಿಗೂ ಬಂದಿತ್ತು. ಅಷ್ಟರಲ್ಲಿ ಅವಳ ಕಣ್ಣು ಗ್ಲಾಡೆಸಿಯ ಮಡಿಲಲ್ಲಿದ್ದ ತಮಾಂಡಾಳ ಮೇಲೆ ಬಿತ್ತು. ಇಷ್ಟು ಜನ ನಕ್ಕರೂ ಆ ಮಗು ಬೆಚ್ಚಲಿಲ್ಲ. ಬೆಳಿಗ್ಗೆ ಕೊಕ್ಕೆಯಲ್ಲಿ ತೂಗುವಾಗಲೂ ಅಳಲಿಲ್ಲವಲ್ಲ ಎಂದು ಈಗ ನೆನಪಾಯಿತು. ಎಂಥ ಜಾಣ ಮಗು ಎಂದು ಕೆನ್ನೆ ತಟ್ಟಿ ಕಳಿಸಿದ್ದಳು.

"ತಪ್ಪು ನನ್ನದು," ಎಂದಳು ಎನಿಫಾ.

"ಏನು?" ಎಂದ ಫುಲಾಯೆ.

"ತಕ್ಕಡಿ ಸರಿ ಇದೆ. ತೂಗಿದವಳು ತಪ್ಪು. ಬಟ್ಟೆ ಭಾರ ನಾನು ಸರಿಯಾಗಿ ಕಳೀಲಿಲ್ಲ. ಅಜ್ಜಿ ಬಟ್ಟೆ ತೆಳ್ಳಗಿತ್ತು, ಅದಕ್ಕೆ ಲಿಂಬಾನಿ ತೂಕ ಒಂದೇ ಸರಿಯಾಗಿ ಕಂಡಿದ್ದು. ಮಿಕ್ಕ ಮಕ್ಕಳ ತೂಕ ನಾನು ಬರೆದದ್ದಕ್ಕಿಂತ ಕಮ್ಮಿ ಇದೆ. ಎಷ್ಟು ತಿಂಗಳಿಂದ ಅಂತ ನನಗೇ ಗೊತ್ತಿಲ್ಲ." ಕೊಕ್ಕೆಯಲ್ಲಿದ್ದ ಬಟ್ಟೆಯನ್ನು ಬಿಚ್ಚಿದಳು. "ಎಲ್ಲರನ್ನೂ ಮತ್ತೆ ತೂಗಬೇಕು. ಒಂದೇ ಬಟ್ಟೇಲಿ. ಸಾಹೇಬರಿಗೂ ನಾನೇ ಬರೆದು ತಿಳಿಸ್ತೀನಿ."

ಅಜ್ಜಿ ಅವಳ ಮುಖ ನೋಡಿದಳು. ಆಮೇಲೆ ಮಗನ ಕಡೆ ತಿರುಗಿದಳು. "ಫುಲಾಯೆ, ಆ ಲಾರಿಯವನು ಯಾವತ್ತಾದ್ರೂ 'ತಪ್ಪು ನನ್ನದು' ಅಂದಿದ್ದು ಕೇಳಿದ್ದೀಯಾ?"

"ಅವನಾ? ಸತ್ತರೂ ಅನ್ನಲ್ಲ."

"ಹಾಗಾದ್ರೆ ಇದಕ್ಕೂ ಅದಕ್ಕೂ ತಾಯಿ ಬೇರೆ," ಎಂದಳು ಅಜ್ಜಿ. "ತೂಗು ಮಗಳೇ."

ಆದರೆ ಯಾವ ಬಟ್ಟೆಯಲ್ಲಿ? ಎನಿಫಾ ತನ್ನ ಚಿತೆಂಜೆಯನ್ನು ಕೈಯಲ್ಲಿ ಹಿಡಿದು ನಿಂತಳು. ಯಾರೂ ಮುಂದೆ ಬರಲಿಲ್ಲ. ಅವಳಿಗೆ ಮಕ್ಕಳಿರಲಿಲ್ಲ. ಅದನ್ನು ಯಾರೂ ಬಾಯಿಬಿಟ್ಟು ಆಡಲಿಲ್ಲ, ಆಡಬೇಕಾಗಿಯೂ ಇರಲಿಲ್ಲ. ಅವಳೇ ಬಟ್ಟೆಯನ್ನು ಮೆಲ್ಲಗೆ ಮಡಿಸಿ ಪೆಟ್ಟಿಗೆಯ ಮೇಲಿಟ್ಟಳು.

"ಇದು ತಗೋ," ಎಂದು ಮಲಿತಾ ಅಜ್ಜಿ ಮಗಳ ತೋಳಲ್ಲಿದ್ದ ಲಿಂಬಾನಿಯ ಮೈಯಿಂದ ಜೋಲಿ ಬಿಡಿಸಿ, ಕೊಡವಿ ಮುಂದೆ ಚಾಚಿದಳು. ಒಂದು ಕಾಲಕ್ಕೆ ಅದರ ಮೇಲೆ ಮೀನುಗಳಿದ್ದವು. ಈಗ ಕಣ್ಣು ಕಿರಿದು ಮಾಡಿ ನೋಡಿದರೆ ಒಂದೋ ಎರಡೋ ಬಾಲ ಕಾಣುತ್ತಿದ್ದವು. ಅಂಚಿನಲ್ಲಿ ತೇಪೆಯ ಮೇಲೆ ತೇಪೆ. "ಈರುಳ್ಳಿ ಸಿಪ್ಪೆ ಹಾಗಿದೆ, ಭಾರ ಇಲ್ಲ. ಇವನಿಗೆ ಮುಂಚೆ ಏಳು ಮಕ್ಕಳನ್ನ ಹೊತ್ತಿದೆ ಇದು. ಏಳೂ ಬದುಕಿವೆ."

ಹೆಂಗಸರು ಬಟ್ಟೆಯನ್ನು ನೋಡಿದರು, ಲೇನಿಯಾಳ ತೋಳಲ್ಲಿದ್ದ ಮಗುವನ್ನು ನೋಡಿದರು. ಗ್ಲಾಡೆಸಿ ಮಗಳನ್ನು ಎದೆಗೆ ಒತ್ತಿಕೊಂಡು, "ಆ ಮಗು ಈಗ ತಾನೇ ಕೂತ ಬಟ್ಟೇಲಾ?" ಎಂದಳು. "ನಾನಂತೂ ಹಾಕಲ್ಲ."

"ಏಳು ಅಂದ್ನಲ್ಲ, ಲೆಕ್ಕ ಹಾಕು," ಎಂದಳು ಅಜ್ಜಿ. "ಹೆತ್ತಿದ್ದು ಎಷ್ಟು ನಾನು?"

"ಆರು," ಎಂದ ಫುಲಾಯೆ. "ನಾವು ಆರು ಜನ."

"ಏಳನೇದು ನೀನು ಕಣೇ ಗ್ಲಾಡೆಸಿ. ನಿಮ್ಮಮ್ಮ ನಿನ್ನ ಹೆತ್ತು ಮೂರು ತಿಂಗಳು ಜ್ವರ ಅಂತ ಮಲಗಿದ್ಳು. ನಿನಗೆ ಹಾಲು ಕೊಟ್ಟೋಳು ಯಾರು? ಇದೇ ಬಟ್ಟೇಲಿ ಬೆನ್ನಿಗೆ ಕಟ್ಕೊಂಡು ಹೊಲ ಅಗೆದೋಳು ಯಾರು? ಆಗ ನೀನು ಒದ್ದೆ ಮಾಡಿ ಮಾಡೀನೇ ಈ ಮೀನೆಲ್ಲ ಈಜ್ಕೊಂಡು ಹೋದವು!"

ಈ ಸಲ ಬಂದ ನಗು ಸಣ್ಣದಾಗಿತ್ತು, ಮುಳ್ಳಿಲ್ಲದ್ದು. ಗ್ಲಾಡೆಸಿ ನಗಲಿಲ್ಲ. ಆ ಬಟ್ಟೆಯನ್ನು ಕೈಗೆ ತೆಗೆದುಕೊಂಡು ಅಂಚನ್ನು ಬೆರಳಲ್ಲಿ ತಿಕ್ಕಿ ನೋಡಿದಳು. ಆಮೇಲೆ ಯಾರ ಮುಖವನ್ನೂ ನೋಡದೆ ತಮಾಂಡಾಳ ಉಣ್ಣೆ ಟೋಪಿ ಬಿಚ್ಚಿದಳು, ಉಣ್ಣೆ ಅಂಗಿ ಬಿಚ್ಚಿದಳು. ಅಷ್ಟೆಲ್ಲ ಬಿಚ್ಚಿದ ಮೇಲೆ ಉಳಿದ ಮಗು ಎಷ್ಟು ಚಿಕ್ಕದು ಎಂದು ನೋಡಿದವರಿಗೆಲ್ಲ ಗೊತ್ತಾಯಿತು.

ಎನಿಫಾ ಅಜ್ಜಿಯ ಬಟ್ಟೆಗೆ ಸೂಜಿಯನ್ನು ಸೊನ್ನೆ ಮಾಡಿದಳು. ಮಗುವನ್ನು ಕೂರಿಸಿದಳು.

ಆರು ಕಿಲೋ ನೂರು.

"ಇನ್ನೊಂದು ಸಲ ನೋಡು," ಎಂದಳು ಗ್ಲಾಡೆಸಿ.

ಇಳಿಸಿ, ಸೊನ್ನೆ ಮಾಡಿ, ಮತ್ತೆ ಕೂರಿಸಿದರು. ಆರು ಕಿಲೋ ನೂರು.

ಮಲಿತಾ ಅಜ್ಜಿಗೆ ಈಗ ಒಂದು ಮಾತು ಸಾಕಿತ್ತು. ಸೊರಗಿಸಿದವರಿಗೇ ಗೊತ್ತು ಎಂಬ ಮಾತನ್ನು ಹಾಗೇ ಎತ್ತಿ ವಾಪಸು ಕೊಡಬಹುದಿತ್ತು. ಹೆಂಗಸರು ಅದಕ್ಕೇ ಕಾದಿದ್ದರು ಕೂಡ. ಅಜ್ಜಿ ಗ್ಲಾಡೆಸಿಯ ಪಕ್ಕ ಹೋಗಿ ನಿಂತು, ಬೆನ್ನಿನ ಮೇಲೆ ಕೈಯಿಟ್ಟಳು.

"ಫೆಬ್ರವರಿ ಕಣೇ," ಎಂದಳು. "ಎಲ್ಲರ ಮನೇಲೂ ಫೆಬ್ರವರಿನೇ."

ಗ್ಲಾಡೆಸಿ ಪೊಟ್ಟಣದ ಕಡೆ ಕೈ ತೋರಿಸಿದಳು. "ಆ ಸಕ್ಕರೆ ನವೆಂಬರಿಂದ ಹಾಗೇ ಇದೆ ಅಜ್ಜಿ. ಬಂದವರಿಗೆ ಕಾಣಲಿ ಅಂತ ಹಲಗೆ ಮೇಲೆ ಇಟ್ಟಿದ್ದು. ನಾವೂ ಕುಟ್ಟೋದು ಹೊಟ್ಟನ್ನೇ."

"ಗೊತ್ತು. ಹೊಟ್ಟು ಕುಟ್ಟೋ ಸದ್ದೇ ಬೇರೆ. ನನಗೆ ಕಿವಿ ಚೆನ್ನಾಗಿದೆ."

ಆಮೇಲೆ ಯಾರಿಗೂ ಹೇಳಬೇಕಾಗಲಿಲ್ಲ. ಒಬ್ಬೊಬ್ಬರೇ ಟೋಪಿ, ಅಂಗಿ ಬಿಚ್ಚಿ ಮಕ್ಕಳನ್ನು ಮೀನಿಲ್ಲದ ಆ ಬಟ್ಟೆಗೆ ಇಳಿಸಿದರು. ಒಟ್ಟು ಹದಿನಾರು ಮಕ್ಕಳು. ಕೆಲವು ಅರಚಿದವು, ಒಂದು ಎನಿಫಾಳ ಜಡೆ ಹಿಡಿದೆಳೆಯಿತು. ಅಂಥವನ್ನು ತೂಗುವಾಗ ಅವಳಿಗೆ ಅಳು ಕೇಳಿಯೇ ಸಮಾಧಾನವಾಗುತ್ತಿತ್ತು. ಹಳೆಯ ಚುಕ್ಕಿಗಳ ಪಕ್ಕದಲ್ಲಿ ಕೆಂಪು ಪೆನ್ಸಿಲಿನಿಂದ ಹೊಸ ಚುಕ್ಕಿ ಇಡುತ್ತ ಹೋದಳು. ಹನ್ನೆರಡು ಮಕ್ಕಳು ದಾರಿಯಲ್ಲೇ ಇದ್ದವು, ಕೆಲವು ಅಂಚಿನಲ್ಲಿ. ನಾಲ್ಕು ಮಕ್ಕಳು ದಾರಿಯಿಂದ ಕೆಳಗೆ ಬಿದ್ದಿದ್ದವು. ಲಿಂಬಾನಿ, ತಮಾಂಡಾ, ಮತ್ತೆ ಒಂದು ಜೋಡಿ ಅವಳಿಗಳು.

"ಮೂವರು ತಾಯಂದಿರು, ನಾಲ್ಕು ಮಕ್ಕಳು," ಎಂದು ಅವಳು ಫುಲಾಯೆಗೆ ಹೇಳಿದಳು. "ಇವತ್ತೇ ಹೊರಟರೆ ಒಳ್ಳೇದು."

ಫುಲಾಯೆ ಲಿಂಬಾನಿಯ ಕಾಲನ್ನು ಎರಡು ಬೆರಳಲ್ಲಿ ಹಿಡಿದು ನೋಡಿದ. ತಂಗಿಯ ಮುಖ ನೋಡಿದ. "ಮೊದಲೇ ನೋಡಬೇಕಿತ್ತು ನಾನು," ಎಂದ. "ತಂಗಿ ಮರ್ಯಾದೆ, ಮರ್ಯಾದೆ ಅಂತ ಕೂತೆ." ಆಮೇಲೆ ಎದ್ದು ನಿಂತು, ರಿಪೇರಿಯವನ ದನಿಯಲ್ಲಿ, "ನನ್ನ ಮರದ ಕೆಳಗೆ ನಾಲ್ಕು ಸೈಕಲ್ ಇದಾವೆ. ಎರಡು ಓಡ್ತವೆ. ಮೂರನೇದು ಈ ಟ್ಯೂಬ್ ಹಾಕಿದ್ರೆ ಓಡುತ್ತೆ."

"ನಾಲ್ಕನೇದು?" ಎಂದಳು ಅಜ್ಜಿ.

"ನಾಲ್ಕನೇದು ದೇವರ ಕೈಲಿದೆ. ಅದರ ಮೇಲೆ ನೀನು ಬಾ."

"ನಾನ್ಯಾಕೆ ಬರ್ಲಿ? ನಾನು ಬಂದ್ರೆ ಇಲ್ಲಿ ಮಾತಾಡೋರು ಯಾರು?"

ಫುಲಾಯೆ ಟ್ಯೂಬಿಗೆ ಗಾಳಿ ಹೊಡೆಯುತ್ತ, ಇನ್ನಿಬ್ಬರು ಸೈಕಲ್ಲಿನವರನ್ನು ಕೂಗಿ ಕರೆದ. ಹೆಂಗಸರು ಕ್ಯಾರಿಯರಿಗೆ ಮೆತ್ತಗೆ ಆಗಲೆಂದು ತಮ್ಮ ತಮ್ಮ ದಪ್ಪ ಚಿತೆಂಜೆಗಳನ್ನು ಮಡಿಸಿ ಕಟ್ಟಿದರು. ಗ್ಲಾಡೆಸಿಯ ನವಿಲು ಬಣ್ಣದ್ದು ಲೇನಿಯಾ ಕೂರುವ ಕ್ಯಾರಿಯರಿಗೆ ಹೋಯಿತು. ಕಟ್ಟಿದವಳು ಗ್ಲಾಡೆಸಿಯೇ, ಹೇಳಲೂ ಇಲ್ಲ, ಕೇಳಲೂ ಇಲ್ಲ.

"ಹೊರಡೋಕೆ ಮುಂಚೆ ಮಕ್ಕಳಿಗೆ ಸಕ್ಕರೆ ನೀರು ಕುಡಿಸಬೇಕು," ಎಂದಳು ಎನಿಫಾ. "ಹದಿನಾಲ್ಕು ಕಿಲೋಮೀಟರ್ ಇದೆ. ಖಾಲಿ ಹೊಟ್ಟೇಲಿ ಹೋದ್ರೆ ಮೈ ತಣ್ಣಗಾಗಿಬಿಡುತ್ತೆ." ಹೇಳಿ, ಹೇಳಿದ ಮೇಲೆ ಪೊಟ್ಟಣ ಯಾರದೆಂದು ನೆನಪಾಗಿ ಗ್ಲಾಡೆಸಿಯತ್ತ ನೋಡಿದಳು.

ಗ್ಲಾಡೆಸಿ ಪೊಟ್ಟಣವನ್ನು ತೆಗೆದುಕೊಂಡು ಮೂಲೆಯನ್ನು ಹಲ್ಲಿನಿಂದ ಕಚ್ಚಿ ಹರಿದಳು. "ಎಷ್ಟು ಹಾಕಲಿ?"

ಕುದಿಸಿ ಆರಿಸಿದ ನೀರಿನಲ್ಲಿ ಕರಗಿಸಿದರು. ಗ್ಲಾಡೆಸಿ ಲೋಟ ಹಿಡಿದಳು, ಮಲಿತಾ ಅಜ್ಜಿ ಚಮಚ ಹಿಡಿದಳು. ಸಾಲಾಗಿ ಕೂತ ನಾಲ್ಕು ಬಾಯಿಗೂ ಒಂದೊಂದೇ ಚಮಚ.

"ಲೇನಿಯಾ," ಎಂದಳು ಗ್ಲಾಡೆಸಿ, ಲೋಟವನ್ನೇ ನೋಡುತ್ತ, "ಆ ಹಳೇ ಬಟ್ಟೆ ಆಸ್ಪತ್ರೆಗೂ ತಗೊಂಡು ಬಾ. ಅಲ್ಲೂ ತೂಗ್ತಾರೆ. ತಮಾಂಡಾಗೂ ಅದೇ ಇರಲಿ."

"ಅಲ್ಲಿ ತೊಟ್ಟಿಲಿನ ಹಾಗೆ ಬೇರೆ ತಕ್ಕಡಿ ಇದೆಯಂತೆ ಅಕ್ಕ."

"ಇರಲಿ. ಒಗೆದು ಹಾಸೋಣ."

"ಸೈಕಲ್ ರೆಡಿ!" ಎಂದು ಫುಲಾಯೆ ಗಂಟೆ ಬಾರಿಸಿದ. "ಹತ್ತಿ ಹತ್ತಿ, ಮಳೆ ಬರೋಕೆ ಮುಂಚೆ."

ಲಿಂಬಾನಿಯ ಪಾಲಿನ ಕೊನೆಯ ಚಮಚ ಮುಗಿದಿತ್ತು. ಮಲಿತಾ ಅಜ್ಜಿ ಚಮಚವನ್ನು ಹಿಂದಕ್ಕೆಳೆದುಕೊಂಡಳು. ಮಗು ಅದರ ಹಿಂದೆಯೇ ಕತ್ತು ಚಾಚಿ, ಸಿಗದೆ, ಒಂದು ಕ್ಷಣ ತಡೆದು, ಮುಖ ಕೆಂಪಗೆ ಮಾಡಿಕೊಂಡು, ಬಾಯಿ ದೊಡ್ಡದಾಗಿ ತೆರೆದು, ಬೆಳಗಿನಿಂದ ಮೊದಲ ಸಲ, ಅಳತೊಡಗಿತು. ಎನಿಫಾ ಪೆನ್ಸಿಲು ಕೆಳಗಿಟ್ಟಳು. ಫುಲಾಯೆ ಗಂಟೆ ಬಾರಿಸುವುದನ್ನು ನಿಲ್ಲಿಸಿ, ಸೈಕಲ್ಲಿನ ಹಿಡಿಯ ಮೇಲೆ ಕೈಯಿಟ್ಟುಕೊಂಡೇ ಕೇಳುತ್ತ ನಿಂತ.